ಶಾಲು ಹೊದ್ದು ಓಡಿಸಿದ ಗಾಡಿ

ಈ ಬೇಸಿಗೆಯ ಮೊದಲ ಬಿಸಿಲಿಗೆ ನಮ್ಮ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಹರವಿದ್ದರು. ಅದೇ ಸೀರೆಯ ಒಂದು ಮೂಲೆಯಲ್ಲಿ ನಾಲ್ಕು ರಬ್ಬರ್ ಚಕ್ರಗಳೂ ಒಣಗುತ್ತಿದ್ದವು. ಒಂದೊಂದೂ ಚಹದ ಬಸಿಯಷ್ಟು ಅಗಲ. ಕಾಗೆಗಳು ಸಂಡಿಗೆಯನ್ನು ಬಿಟ್ಟು ಚಕ್ರವನ್ನು ಕುಕ್ಕಿ ನೋಡುತ್ತಿದ್ದವು. ಏನೆಂದು ತಿಳಿಯದೆ ಮೋಟುಗೋಡೆಯ ಮೇಲೆ ಕುಳಿತು ಕತ್ತು ಓರೆ ಮಾಡುತ್ತಿದ್ದವು. ನನ್ನ ಸ್ಥಿತಿಯೂ ಹೆಚ್ಚುಕಡಿಮೆ ಅದೇ ಆಗಿತ್ತು.

ಚಕ್ರಗಳು ನಮ್ಮ ಅವ್ವನವು. ಗಾಲಿಕುರ್ಚಿ ಎಂದುಕೊಳ್ಳಬೇಡಿ, ಎಪ್ಪತ್ತು ದಾಟಿದ ಅವ್ವ ಕಾಲಲ್ಲಿ ಗಟ್ಟಿಯಾಗಿದ್ದಾಳೆ. ಅವು ರಿಮೋಟಿನಿಂದ ಓಡುವ, ಮೊಳದುದ್ದದ ಒಂದು ಕಾರಿನ ಚಕ್ರಗಳು. ಪಕ್ಕದ ಮನೆಯಾಕೆ ತಮ್ಮ ಮಾಳಿಗೆಯಿಂದ ಇಣುಕಿ "ಮೊಮ್ಮಗಂದೇನ್ರೀ?" ಎಂದು ಕೇಳಿದಾಗ ಅವ್ವ "ಅಲ್ಲವಾ, ನಂದ" ಎಂದು ಹೇಳಿ ಸಂಡಿಗೆ ತಿರುವಿ ಹಾಕಿದಳು. ಆಕೆ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಉತ್ತರಿಸಬೇಕಾದವನು ನಾನು.

ನಾನು ಹೊಸಪೇಟೆಯಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವನು. ಊರೂರಿನ ವರದಿಗಾರರು ಕಳಿಸಿದ್ದನ್ನು ಕತ್ತರಿಸಿ, ವಿಶೇಷಣಗಳನ್ನು ಕಿತ್ತು, ಯಾರು ಎಲ್ಲಿ ಏನು ಮಾಡಿದರು ಎಂಬುದನ್ನು ಮೊದಲ ವಾಕ್ಯಕ್ಕೆ ತರುವುದು ನನ್ನ ಕಸುಬು. ಏಕೆ ಮಾಡಿದರು ಎಂಬುದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಜಾಗ ಉಳಿಯುವುದಿಲ್ಲ. ಜಾಹೀರಾತು ಬಂದರೆ ಮೊದಲು ಹೋಗುವ ಸಾಲು ಅದೇ. ಇಷ್ಟು ವರ್ಷ ಬೇರೆಯವರ 'ಏಕೆ'ಗಳನ್ನು ಹೊಡೆದುಹಾಕಿ ಬದುಕಿದವನಿಗೆ ಸ್ವಂತ ಮನೆಯಲ್ಲೇ ಒಂದು 'ಏಕೆ' ಎದುರಾಗಿ ನಿಂತಿತ್ತು.

ಅದು ಶುರುವಾದದ್ದು ಹೀಗೆ. ಚಳಿಗಾಲದಲ್ಲಿ ಅವ್ವನ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಕಪ್ಪು ಕನ್ನಡಕ ತೆಗೆದ ದಿನ ನಾನು, ನನ್ನ ಹೆಂಡತಿ ಶೋಭಾ ಎದುರಿಗೆ ನಿಂತು ಏನು ಹೇಳುತ್ತಾಳೋ ಎಂದು ಕಾದೆವು. ಇಂಥ ಹೊತ್ತಿನಲ್ಲಿ ಜನ ದೇವರ ಫೋಟೋ ನೋಡಿ ಕೈಮುಗಿಯುತ್ತಾರೆ ಎಂದು ಕೇಳಿದ್ದೆ. ಅವ್ವ ಶೋಭಾಳ ಮುಖ ನೋಡಿ "ನಿನಗೂ ಬಿಳಿಕೂದ್ಲ ಬಂದಾವಲ್ಲವಾ!" ಎಂದಳು. ಆಮೇಲೆ ಹೊರಗೆ ಕಟ್ಟೆಗೆ ಬಂದು ಬೀದಿಯ ತುದಿಯನ್ನು, ಅಲ್ಲಿನ ನೀರಿನ ಟ್ಯಾಂಕನ್ನು, ಅದರಾಚೆಯ ಬೋಳು ಗುಡ್ಡವನ್ನು ನಿಧಾನವಾಗಿ ನೋಡಿದಳು.

"ಲೇ ಮಂಜಾ, ಟ್ಯಾಂಕಿನ ಮ್ಯಾಲ ಕುಂತದ್ದು ಕಾಗಿನೋ ಪಾರಿವಾಳನೋ?"

"ನನಗ ಕಾಣವಲ್ದವ್ವ."

"ಪಾರಿವಾಳ. ಹೋಗು, ಅಟ್ಟದ ಮ್ಯಾಲಿನ ತಗಡಿನ ಪೆಟ್ಟಿಗಿ ಇಳಸು."

ಪಾರಿವಾಳಕ್ಕೂ ಪೆಟ್ಟಿಗೆಗೂ ಏನು ಸಂಬಂಧ ಎಂದು ನನಗೆ ಹೊಳೆಯಲಿಲ್ಲ. ಇಳಿಸಿದೆ. ಪೆಟ್ಟಿಗೆಯೊಳಗೆ ಅಪ್ಪನ ಹಳೆಯ ಪಂಚೆಯಲ್ಲಿ ಸುತ್ತಿದ ಆ ಕಾರು ಇತ್ತು. ಅದರ ಪ್ರತಿ ಸಂದಿಯಲ್ಲಿ ಸಂಡೂರಿನ ಕೆಂಪು ಧೂಳು ಹಾಗೇ ಕುಳಿತಿತ್ತು.

ಸಂಡೂರಿನ ಧೂಳಿನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಚಿಕ್ಕವನಿದ್ದಾಗ ಬೆಳೆದದ್ದು ಅಲ್ಲಿನ ಗುಡ್ಡಗಳ ನಡುವಿನ ಒಂದು ಗಣಿ ಕಾಲೊನಿಯಲ್ಲಿ. ಅಪ್ಪ ತಿಪ್ಪಣ್ಣ ಬಂಡ್ರಿಯ ರೈತರ ಮಗ, ಗಣಿಯ ವರ್ಕ್‌ಶಾಪಿನಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಆ ಕಾಲೊನಿಯಲ್ಲಿ ಬಿಳಿ ಎಂಬ ಬಣ್ಣವೇ ಇರಲಿಲ್ಲ. ಹಸು ಕೆಂಪು, ನಾಯಿ ಕೆಂಪು, ಶಾಲೆಯ ಅಂಗಿ ಕೆಂಪು. ಮದುವೆಯ ಪಂಚೆ ಒಗೆದು ಒಣಹಾಕಿದರೆ ಸಂಜೆಗೆ ಅದೂ ಕೆಂಪು. ಹೊಸಪೇಟೆಗೆ ಬಂದ ಹೊಸದರಲ್ಲಿ ಒಂದು ಬಿಳಿ ಎಮ್ಮೆಕರು ಕಂಡು ಅದಕ್ಕೇನೋ ರೋಗ ಬಡಿದಿದೆ ಎಂದು ಮನೆಗೆ ಓಡಿಬಂದು ಹೇಳಿದ್ದೆ. ಅದು ನಿಜವಾಗಿ ಹಸುವಿನ ಕರು. ನನ್ನ ಮೊದಲ ವರದಿಯಲ್ಲೇ ಎರಡು ತಪ್ಪು.

ಆ ಕಾಲೊನಿಗೆ ಯಾವುದೋ ಯಂತ್ರ ಕೂಡಿಸಲು ಹೊರದೇಶದ ಎಂಜಿನಿಯರೊಬ್ಬ ಬಂದಿದ್ದ. ಅವನು ತಂದಿದ್ದ ಆಟಿಕೆ ಕಾರುಗಳನ್ನು ಕಂಡು ಜನ ಅವನನ್ನು ಗೊಂಬಿ ಸಾಹೇಬ ಎನ್ನುತ್ತಿದ್ದರು. ಭಾನುವಾರ ಅದಿರು ಸುರಿಯುವ ಖಾಲಿ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ರೇಸು ಬಿಡುತ್ತಿದ್ದ. ಕಾರು ಅವನದೇ, ಓಡಿಸುವವರು ಕಾಲೊನಿಯವರು. ಆದರೆ ನಮ್ಮ ನೆಲಕ್ಕೆ ಒಂದು ಗುಣವಿತ್ತು. ಅದಿರಿನ ಪುಡಿ ಮೋಟರಿನೊಳಗಿನ ಅಯಸ್ಕಾಂತಕ್ಕೆ ಮೆತ್ತಿಕೊಂಡು, ನಾಲ್ಕು ಸುತ್ತಿಗೆ ಅದಕ್ಕೆ ಗಡ್ಡ ಬೆಳೆಯುತ್ತಿತ್ತು. ಐದನೆಯ ಸುತ್ತಿಗೆ ಕಾರು ಕೆಮ್ಮಿ ನಿಲ್ಲುತ್ತಿತ್ತು. ಅಪ್ಪ ಹಲ್ಲುಜ್ಜುವ ಬ್ರಷ್ಷಿನಿಂದ ಆ ಗಡ್ಡ ಕೆರೆಯುತ್ತಿದ್ದ. ಕೊನೆಗೆ ಅವ್ವ ಮೊಸರು ಕಟ್ಟುವ ಬಟ್ಟೆಯ ತುಂಡನ್ನು ಮೋಟರಿಗೆ ಸುತ್ತಿ ದಾರ ಬಿಗಿದ ಮೇಲೆ ನಮ್ಮ ಕಾರು ನಿಲ್ಲದೆ ಓಡತೊಡಗಿತು. ಗೊಂಬಿ ಸಾಹೇಬ ಊರು ಬಿಡುವಾಗ ಒಂದು ಕಾರನ್ನು ನಮಗೇ ಬಿಟ್ಟುಹೋದ.

ಇಷ್ಟು ನನಗೆ ಚೆನ್ನಾಗಿ ನೆನಪಿದೆ. ಇನ್ನೂ ಚೆನ್ನಾಗಿ ನೆನಪಿರುವುದು ಒಂದು ಚಿತ್ರ. ಅಪ್ಪ ಸುಣ್ಣದ ಗೆರೆಯ ಹತ್ತಿರ ಕಾಲಗಲಿಸಿ ನಿಂತಿದ್ದಾನೆ, ಕೈಯಲ್ಲಿ ರಿಮೋಟು, ಅದರ ಉದ್ದನೆಯ ಆಂಟೆನಾ ಬಿಸಿಲಿಗೆ ಹೊಳೆಯುತ್ತಿದೆ. ಪಕ್ಕದಲ್ಲಿ ಅವ್ವ ತಲೆತುಂಬ ಸೆರಗು ಹೊದ್ದು, ಟಿಫಿನ್ ಡಬ್ಬಿ ಹಿಡಿದು ನಿಂತಿದ್ದಾಳೆ. ರೇಸು ಮುಗಿದ ಮೇಲೆ ಗೆದ್ದವರನ್ನು ಕೂಗುತ್ತಾರೆ: "ತಿಪ್ಪಣ್ಣ!" ಅಪ್ಪ ಹೋಗಿ ಸ್ಟೀಲಿನ ತಟ್ಟೆ ತೆಗೆದುಕೊಳ್ಳುತ್ತಾನೆ. ಆ ತಟ್ಟೆಗಳಲ್ಲಿ ನಾವು ಇಂದಿಗೂ ಉಣ್ಣುತ್ತೇವೆ.

ಹಾಗಾಗಿ ಅವ್ವ ಪೆಟ್ಟಿಗೆ ಇಳಿಸು ಎಂದಾಗ ನಾನು ಅದಕ್ಕೊಂದು ಅರ್ಥ ಹಚ್ಚಿಕೊಂಡೆ. ತೀರಿಹೋದ ಗಂಡನ ನೆನಪು ಕಾಡುತ್ತಿದೆ, ಕಣ್ಣು ಬಂದ ಮೇಲೆ ಅವನ ವಸ್ತು ನೋಡಬೇಕು ಅನ್ನಿಸಿದೆ ಎಂದುಕೊಂಡೆ. ಶೋಭಾಗೂ ಹಾಗೇ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು.

ಮರುದಿನ ಅವ್ವ ನನ್ನ ಬೈಕಿನ ಹಿಂದೆ ಕುಳಿತು, ಕಾರನ್ನು ಮಡಿಲಲ್ಲಿಟ್ಟುಕೊಂಡು ಮಲ್ಲಿಯ ಅಂಗಡಿಗೆ ಬಂದಳು. ಮಲ್ಲಿ ಎಂದರೆ ಮಲ್ಲಿಕಾರ್ಜುನ. ನಮ್ಮ ಬಡಾವಣೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ, ಮೀಸೆ ಹಣ್ಣಾದ ಮನುಷ್ಯ. ತಾನೂ ತನ್ನ ಗೆಳೆಯರೂ ಇಂಥ ಕಾರುಗಳನ್ನು ರೇಸಿಗೆ ಬಿಡುತ್ತೇವೆಂದು ಹಿಂದೊಮ್ಮೆ ಸುದ್ದಿ ಹಾಕಿಸಲು ಬಂದಿದ್ದ.

"ಮಸ್ತ್ ಮಾಲ್ ಐತಿ ಸರ್ ಇದು. ಎಷ್ಟು ವರ್ಷದ ಮಗೂಗ್ರಿ?"

"ಎಪ್ಪತ್ತು ದಾಟ್ಯಾವು" ಎಂದಳು ಅವ್ವ.

ಮಲ್ಲಿ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವನು ಬ್ಯಾಟರಿ, ಒಳಗಿನ ಸರಂಜಾಮು, ರಿಮೋಟು ಎಲ್ಲ ಹೊಸದು ಹಾಕಬೇಕೆಂದ. ಈಗಿನವರು ಹಿಡಿಯುವ, ಪಿಸ್ತೂಲಿನಂಥ ರಿಮೋಟು ತೋರಿಸಿದ. ಅವ್ವ ಅದನ್ನು ಹಿಡಿದು ನೋಡಿ ವಾಪಸು ಕೊಟ್ಟಳು.

"ಇದರಾಗ ಯಾರಿಗೆ ಗುಂಡ ಹೊಡೀಲಿ? ನನಗ ಎರಡು ಕಡ್ಡಿದು ಬೇಕು. ಎಡಗೈಲೆ ಮುಂದ-ಹಿಂದ, ಬಲಗೈಲೆ ಆಚೀಚಿ."

"ನಿಮಗ್ಹೆಂಗ ಗೊತ್ರಿ ಅಮ್ಮ?"

"ಓಡಿಸಿದಾಕಿಗೆ ಗೊತ್ತಿರದಿಲ್ಲೇನು?"

ಮನೆಗೆ ಬಂದ ಮೇಲೆ ಕೇಳಿದೆ. "ಅವ್ವ, ಓಡಸ್ತಿದ್ದಾಂವ ಅಪ್ಪ ಅಲ್ಲೇನು?"

ಅವ್ವ ನಕ್ಕಳು. ಆ ನಗೆ ನನಗೆ ಹಿಡಿಸಲಿಲ್ಲ. ಸುಳ್ಳು ಸುದ್ದಿ ಹೊತ್ತು ತಂದ ಹೊಸ ವರದಿಗಾರನನ್ನು ನೋಡಿ ನಾನು ನಗುವಂತೆಯೇ ಇತ್ತು. "ನಿಮ್ಮಪ್ಪಗ ಮೋಟರ್ ಸುತ್ತಾಕ ಬರ್ತಿತ್ತು. ಓಡಸಾಕ ಎಲ್ಲಿ ಬರ್ತಿತ್ತು? ಬಲಕ್ಕ ಅಂದ್ರ ಎಡಕ್ಕ ಹೊಳ್ಳಸ್ತಿದ್ದ."

"ನಾ ನೋಡೀನಿ. ಅವನ ಕೈಯಾಗ ರಿಮೋಟು ಇತ್ತು."

"ಅವನ ಕೈಯಾಗ ಟಿಫಿನ್ ಡಬ್ಬಿ ಇತ್ತಲೇ. ರಿಮೋಟು ನನ್ನ ಸೆರಗಿನೊಳಗ ಇತ್ತು. ಆಂಟೆನಾ ಅಷ್ಟ ಹೊರಗ."

ನನ್ನ ಚಿತ್ರದಲ್ಲಿ ಎಲ್ಲವೂ ಇದ್ದವು. ಡಬ್ಬಿ, ರಿಮೋಟು, ಸೆರಗು, ಹೊಳೆಯುವ ಆಂಟೆನಾ. ಕೈಗಳು ಮಾತ್ರ ಅದಲುಬದಲಾಗಿದ್ದವು. ಯಾರು ಅದಲುಬದಲು ಮಾಡಿದರು? ಕೂಗುತ್ತಿದ್ದ ಹೆಸರು ಅಪ್ಪನದು. ಗಣಿಯ ನೌಕರರ ಹೆಸರು ಮಾತ್ರ ಬರೆಸಬಹುದು ಎಂಬ ನಿಯಮವಿತ್ತಂತೆ. ಹೆಸರು ಕೇಳಿದ ಕಡೆಗೆ ನನ್ನ ಕಣ್ಣು ರಿಮೋಟನ್ನು ಸಾಗಿಸಿತೇ? ಅಥವಾ ಅವ್ವನ ನೆನಪೇ ಈಗ, ಇಷ್ಟು ವರ್ಷದ ಮೇಲೆ, ಕೈ ಬದಲಿಸಿದೆಯೇ? ಎರಡನೆಯ ಸಾಕ್ಷಿ ಬದುಕಿಲ್ಲ. ಡೆಸ್ಕಿನಲ್ಲಾದರೆ ಇಂಥ ಸುದ್ದಿಯನ್ನು ನಾನು ತಡೆಹಿಡಿಯುತ್ತೇನೆ.

"ಸೆರಗಿನೊಳಗ ಯಾಕ? ಮಂದಿ ನೋಡ್ತಾರಂತ ನಾಚಿಕಿನಾ?"

"ಎಂಥ ನಾಚಿಕಿ? ಧೂಳ! ಕಡ್ಡಿ ಸಂದ್ಯಾಗ ಧೂಳ ಹೋದ್ರ ಸಿಕ್ಕೊಳ್ತಿತ್ತು."

"ಮತ್ತ ಈಗ್ಯಾಕ, ಇಷ್ಟ ವರ್ಷದ ಮ್ಯಾಲ?"

"ನಡುವ ಒಮ್ಮೆ ಇಳಸಿ ನೋಡಿದ್ದೆ. ದೂರ ಹೋದ್ರ ಕಾಣ್ತಿದ್ದಿಲ್ಲ. ಈಗ ಕಾಣ್ತತಲ್ಲ!"

ಇಷ್ಟೇ. ಆಗ ನನಗೆ ಟ್ಯಾಂಕಿನ ಮೇಲಿನ ಪಾರಿವಾಳ ಅರ್ಥವಾಯಿತು. ಉಳಿದದ್ದು ಅರ್ಥವಾಗಲಿಲ್ಲ. ಶೋಭಾ ಮಾತ್ರ ತನ್ನ ಕಣ್ಣೀರು ದಂಡವಾಯಿತೆಂದು ನನ್ನ ಮೇಲೆ ಸಿಟ್ಟಾದಳು.

ಬ್ಯಾಟರಿ, ರಿಮೋಟು ಎಲ್ಲ ಕೂತು ಕಾರು ತಯಾರಾಯಿತು. ಓಡಿಸಿ ರೂಢಿ ಮಾಡಿಕೊಳ್ಳಲು ಜಾಗ ಬೇಕಲ್ಲ. ನಮ್ಮ ಬೀದಿಯಲ್ಲಿ ಎರಡು ಸಲ ಓಡಿಸಿದಳು. ಎರಡನೆಯ ಸಲ ಒಂದು ಹಂದಿ ಅದನ್ನು ಬೆನ್ನಟ್ಟಿತು. ಒಂದು ಬೆಳಿಗ್ಗೆ ನನಗೆ ರಜೆಯಿತ್ತು, "ಹಂಪಿಗೆ ಹೋಗೂಣು, ಅಲ್ಲಿ ಅಗಲ ಐತಿ" ಎಂದಳು. ಗುಡಿಯ ಮುಂದಿನ ಬಜಾರಿನ ಆ ನೇರ ಬೀದಿ ಕಂಡರೆ ಯಾರಿಗಾದರೂ ಏನಾದರೂ ಓಡಿಸಬೇಕು ಅನ್ನಿಸುತ್ತದೆ, ನಿಜ. ಕಲ್ಲುಮಂಟಪದ ನೆರಳಿನಲ್ಲಿ ನಿಂತು ಅವ್ವ ಕಾರು ಬಿಟ್ಟಳು. ಅದು ಎದುರು ತುದಿಯ ಕಡೆಗೆ ಹೋಗಿ ಚುಕ್ಕೆಯಾಯಿತು. ನನಗೆ ಕಾಣದಾಯಿತು. ಅವ್ವನಿಗೆ ಕಾಣುತ್ತಿತ್ತು. ಕಾವಲುಗಾರ ಸೀಟಿ ಊದುತ್ತ ಬಂದ.

"ಅಮ್ಮಾರೇ, ಡ್ರೋನ್ ಬಿಡಂಗಿಲ್ರಿ ಇಲ್ಲಿ!"

"ಇದು ಹಾರಂಗಿಲ್ಲಪಾ, ನೆಲದ ಮ್ಯಾಲ ಓಡೂದು."

ಅವನು ಕಾರನ್ನು ಬಗ್ಗಿ ನೋಡಿದ. ತಲೆ ಕೆರೆದುಕೊಂಡ. "ಹಾರೂದು ಬ್ಯಾಡ ಅಂತ ಬೋರ್ಡ್ ಐತಿ. ಓಡೂದು ಬ್ಯಾಡ ಅಂತ ಇಲ್ಲ. ದೊಡ್ಡ ಗಾಡಿ ಬ್ಯಾಡ ಅಂತ ಐತಿ. ಇದು ದೊಡ್ಡದಲ್ಲ." ಇನ್ನೂ ಸ್ವಲ್ಪ ಯೋಚಿಸಿದ. "ಆದ್ರೂ ಬ್ಯಾಡ್ರಿ."

ಗೊಂದಲದಲ್ಲಿರುವವನು ಹೇಗೆ ತೀರ್ಪು ಕೊಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನಾನು ಕಂಡಿಲ್ಲ. ನಾವು ಒಪ್ಪಿ, ಅವನಿಗೂ ಒಂದು ಚಹ ಕುಡಿಸಿ ಬಂದೆವು.

ಅದೇ ವಾರ ಮಲ್ಲಿ ಕಂಪ್ಲಿಯ ರೇಸಿನ ಸುದ್ದಿ ತಂದ. ಕಂಪ್ಲಿಯಲ್ಲಿ ಅಕ್ಕಿ ಗಿರಣಿಗಳಿವೆ, ಗಿರಣಿಗಳ ಮುಂದೆ ಕುದಿಸಿದ ಭತ್ತ ಒಣಗಿಸುವ ಸಿಮೆಂಟಿನ ಅಂಗಳಗಳಿವೆ. ಬೇಸಿಗೆ ಭತ್ತ ಬರುವ ಮೊದಲು ಅವು ಖಾಲಿ. ಅಂಥದೊಂದು ಅಂಗಳದಲ್ಲಿ ರೇಸು. ಗಿರಣಿಯ ಮಾಲೀಕರೇ ಮುಂದೆ ನಿಂತು ನಡೆಸುತ್ತಾರೆ. ಎಲ್ಲರೂ ಅವರನ್ನು ಸಾವ್ಕಾರ್ರು ಎನ್ನುತ್ತಾರೆ.

ಅವ್ವ ನನಗೆ ಒಂದೇ ಮಾತು ಹೇಳಿದಳು. "ನನ್ನ ಹೆಸರ ಬರಸು. ನಿಂದಲ್ಲ, ನಿಮ್ಮಪ್ಪಂದಲ್ಲ. ಹುಲಿಗೆಮ್ಮ ಅಂತ ಬರಸು. ಒಮ್ಮೆರ ನನ್ನ ಹೆಸರಿನ ಮ್ಯಾಲ ಓಡಸ್ತೀನಿ."

ನಾನು ಸಾವ್ಕಾರ್ರಿಗೆ ಫೋನು ಮಾಡಿದೆ. ಇಂಥ ಪತ್ರಿಕೆಯಿಂದ ಎಂದು ಅಭ್ಯಾಸಬಲದಿಂದ ಮೊದಲೇ ಹೇಳಿಬಿಟ್ಟೆ. "ನಿಮ್ಮ ಕಾರ್ಯಕ್ರಮದಾಗ ನಮ್ಮವ್ವನ ಹೆಸರು ಸೇರಿಸಬೇಕಿತ್ರಿ."

"ಅಯ್ಯ, ಅದನ್ನ ನೀವು ಹೇಳಬೇಕೇನ್ರಿ ಸರ್? ನಮ್ಮ ಭಾಗ್ಯ! ಒಂದ್ ಫೋಟೋ ಕಳಿಸ್ರಿ."

ನನ್ನ ಕಸುಬಿನವನು ಅಲ್ಲಿ 'ಫೋಟೋ ಏಕೆ' ಎಂದು ಕೇಳಬೇಕಿತ್ತು. ಗುರುತಿನ ಚೀಟಿಗೆ ಇರಬೇಕು ಎಂದುಕೊಂಡು ಕಳಿಸಿದೆ. ನಮ್ಮ ಕಡೆ ಪತ್ರಿಕೆಯವನೊಬ್ಬ ಫೋನು ಮಾಡಿ ಹಿರಿಯರೊಬ್ಬರ ಹೆಸರು ಹೇಳಿದರೆ ಸಂಘಟಕರಿಗೆ ಅರ್ಥವಾಗುವುದು ಒಂದೇ ಒಂದು ಸಂಗತಿ. ವಾರಕ್ಕೆ ಒಂದಾದರೂ ಅಂಥ ಫೋಟೋವನ್ನು ಕತ್ತರಿಸಿ ಪುಟಕ್ಕೆ ಕೂರಿಸುವ ನನಗೆ ಅದು ಹೊಳೆಯಲೇ ಇಲ್ಲ.

ರೇಸಿನ ದಿನ ಗಿರಣಿಯ ಗೇಟಿನಲ್ಲಿ ಇಳಿದಾಗ ಹೊಳೆಯಿತು. ಎತ್ತರದ ಫ್ಲೆಕ್ಸಿನಲ್ಲಿ ಅವ್ವ ಇದ್ದಳು. ಮುಖವನ್ನು ಹಾಲಿನಂತೆ ಬೆಳ್ಳಗೆ ಮಾಡಿದ್ದರು. ಸುತ್ತ ಹೂವಿನ ಅಂಚು. ಕೆಳಗೆ 'ಹಿರಿಯ ಚೇತನ ಶ್ರೀಮತಿ ಹುಲಿಗೆಮ್ಮನವರಿಗೆ ಹೃತ್ಪೂರ್ವಕ ಸನ್ಮಾನ'.

ಅವ್ವ ಕನ್ನಡಕವಿಲ್ಲದೆ ದೂರದಿಂದಲೇ ಓದಿದಳು. "ಇದೇನಲೇ ಮಂಜಾ? ನಾ ಇನ್ನ ಸತ್ತಿಲ್ಲಲ್ಲ?"

ನಾನು ವಿವರಿಸುವಷ್ಟರಲ್ಲಿ ಸಾವ್ಕಾರ್ರು ಬಂದು ಕಾಲು ಮುಟ್ಟಿ, "ಬರ್ರಿ ಅಮ್ಮಾರೇ, ಕುಂದ್ರಿ, ಕುಂದ್ರಿ" ಎಂದು ವೇದಿಕೆಗೆ ಕರೆದೊಯ್ದರು. ಕಾರಿದ್ದ ಚೀಲವನ್ನು ಯಾರೋ ಭಕ್ತಿಯಿಂದ ಎತ್ತಿಕೊಂಡರು. ಅಂಗಳದಲ್ಲಿ ಕಡಿದ ಬಾಳೆದಿಂಡುಗಳನ್ನು ಉದ್ದಕ್ಕೆ ಇಟ್ಟು ದಾರಿ ಮಾಡಿದ್ದರು. ಐದು ಕಾರುಗಳು ಸಾಲಾಗಿ ನಿಂತಿದ್ದವು. ಹೊಸ ಗಾಡಿಗೆ ನಿಂಬೆಹಣ್ಣು ಇಡುವಂತೆ ಅವಕ್ಕೂ ಪೂಜೆ ಮಾಡಿ, ಚಕ್ರದ ಕೆಳಗೆ ಒಂದೊಂದು ದ್ರಾಕ್ಷಿ ಇಟ್ಟಿದ್ದರು. ನಿಂಬೆಹಣ್ಣಾದರೆ ಕಾರು ಮಗುಚುತ್ತದಂತೆ.

ವೇದಿಕೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಆದವು. ಮೈಕಿನವನು "ದಿವಂಗತ ತಿಪ್ಪಣ್ಣನವರ ಧರ್ಮಪತ್ನಿ, ಹಿರಿಯ ಪತ್ರಕರ್ತರ ಮಾತೃಶ್ರೀ" ಎಂದು ಶುರುಮಾಡಿ ಅಪ್ಪನ ಬಗ್ಗೆ, ನನ್ನ ಬಗ್ಗೆ, ಪತ್ರಿಕಾರಂಗದ ಬಗ್ಗೆ, ತಾಯ್ತನದ ಬಗ್ಗೆ ಮಾತಾಡಿದ. ಅವ್ವ ಹಿಂದೆ ಕುಳಿತಿದ್ದ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದಳು.

"ಲೇ, ಇದರಾಗ ನಾ ಯಾವಾಗ ಬರ್ತೀನಿ?"

ಸನ್ಮಾನವೆಂದರೆ ಮರ್ಯಾದೆ. ಮರ್ಯಾದೆ ಕೊಡುವವರಿಗೆ 'ಇದು ಬೇಡ, ಅದು ಬೇಕು' ಎನ್ನುವುದು ಹೇಗೆ? ಎದ್ದು ಹೇಳಲೇ, ಬೇಡವೇ ಎಂದು ನಾನು ಲೆಕ್ಕ ಹಾಕುತ್ತಲೇ ಇದ್ದೆ. ಅಷ್ಟರಲ್ಲಿ ಸಾವ್ಕಾರ್ರು ಮೈಕಿನಲ್ಲಿ, "ಈಗ ಅಮ್ಮಾರು ತಮ್ಮ ಅಮೃತ ಹಸ್ತದಿಂದ ಗಾಡಿ ಬಿಟ್ಟು ರಿಬ್ಬನ್ ಕಡೀತಾರ, ಆಮ್ಯಾಲ ಸ್ಪರ್ಧೆ ಶುರು" ಎಂದರು. ಚೀಲದಿಂದ ಅವ್ವನ ಕಾರು ತೆಗೆದು ನೆಲದ ಮೇಲಿಟ್ಟರು. ಗೇಣೆತ್ತರದಲ್ಲಿ ಕೆಂಪು ರಿಬ್ಬನ್ ಕಟ್ಟಿದ್ದರು.

ಅವ್ವ ವೇದಿಕೆಯಿಂದ ಇಳಿದಳು. ರಿಮೋಟು ಹಿಡಿದಳು. ಕಾರು ರಿಬ್ಬನ್ನಿಗೆ ಹೊಡೆದು ಅದನ್ನು ಹರಿದುಕೊಂಡು ಮುಂದೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಕಾರು ನಿಲ್ಲಲಿಲ್ಲ. ರಿಬ್ಬನ್ ತುಂಡನ್ನು ಬಾಲದಂತೆ ಎಳೆದುಕೊಂಡು ಮೊದಲ ದಿಂಡಿನ ಸುತ್ತ ತಿರುಗಿ, ಐದು ಕಾರುಗಳ ಸಾಲಿನ ಕೊನೆಯಲ್ಲಿ ಬಂದು ನೆಟ್ಟಗೆ ನಿಂತಿತು. ಚಪ್ಪಾಳೆ ನಿಂತುಹೋಯಿತು.

"ಅಮ್ಮಾರೇ, ರಿಬ್ಬನ್ ಆತ್ರಿ" ಎಂದರು ಸಾವ್ಕಾರ್ರು.

"ಆತಲ್ಲ. ಈಗ ಇವ್ರ ಜೋಡಿ ಬಿಡ್ರಿ ನನ್ನ. ನಾ ಅದಕ್ಕ ಹೆಸರ ಬರಸಿದ್ದು."

"ನೀವು ಅತಿಥಿಗಳ್ರಿ!"

"ಅತಿಥಿ ಬಂದ್ರ ಪಂಕ್ತ್ಯಾಗ ಕುಂದ್ರಸ್ತಿರೋ, ಶಾಲ ಹೊದಿಸಿ ಉಣ್ಣೋರ್ನ ನೋಡ್ಕೋತ ಕುಂದ್ರು ಅಂತಿರೋ?"

ಸಾವ್ಕಾರ್ರು ನನ್ನನ್ನು ನೋಡಿದರು. ಎಲ್ಲರೂ ನನ್ನನ್ನೇ ನೋಡಿದರು. ನಾನು ಎದ್ದು ನಿಂತು, "ತಪ್ಪು ನಂದರಿ. ಹೆಸರು ಹೇಳಿದ್ದು ಓಟಕ್ಕ" ಎಂದೆ. ಮಲ್ಲಿ ಬಂದು, ಒಂದು ಟೇಪಿನ ಮೇಲೆ ಆರು ಎಂದು ಬರೆದು ಅವ್ವನ ಕಾರಿಗೆ ಅಂಟಿಸಿ, ಅದರ ಚಕ್ರದ ಕೆಳಗೂ ಒಂದು ದ್ರಾಕ್ಷಿ ಇಟ್ಟ.

ಗಂಗಾವತಿಯಿಂದ ಬಂದಿದ್ದ ಹಲ್ಲಿನ ಡಾಕ್ಟರೊಬ್ಬರು ಪಕ್ಕದಲ್ಲಿ ಪಿಸ್ತೂಲು ರಿಮೋಟು ಹಿಡಿದು ನಿಂತಿದ್ದರು. "ಅಜ್ಜಿ ಗಾಡಿಗೆ ನಮ್ಮ ಗಾಡಿ ತಾಗಿದ್ರ ಪಾಪ ಬರದಿಲ್ಲೇನ್ರಿ?" ಎಂದರು.

"ತಾಗಸ್ರಿ. ನಾನೂ ತಾಗಸ್ತೀನಿ. ಲೆಕ್ಕ ಸರಿ ಹೋಕ್ಕತಿ."

ಸೀಟಿ ಊದಿದರು. ಅಂಗಳದ ತುಂಬ ಭತ್ತದ ಹೊಟ್ಟಿನ ಧೂಳು ಎದ್ದಿತು. ಅವ್ವ ಶಾಲನ್ನು ಮುಂದಕ್ಕೆಳೆದು ರಿಮೋಟಿನ ಮೇಲೆ ಮುಚ್ಚಿಕೊಂಡಳು. ಹತ್ತು ಹೆಜ್ಜೆ ಹತ್ತಿರದಲ್ಲಿ ನಿಂತಿದ್ದೇನೆ, ಅವಳ ಕೈ ಕಾಣುತ್ತಿಲ್ಲ. ಕಾಣುತ್ತಿದ್ದುದು ಹಾರ, ಶಾಲು ಮತ್ತು ಮಿಟುಕದ ಎರಡು ಕಣ್ಣು.

ಮೂರನೆಯ ತಿರುವಿನಲ್ಲಿ ಬಾಳೆದಿಂಡಿನ ರಸ ಸೋರಿ ಸಿಮೆಂಟು ಜಾರುತ್ತಿತ್ತು. ಎರಡು ಕಾರು ಅಲ್ಲಿ ತಿರುಗಿ ಬಿದ್ದವು. ಅವ್ವನದು ನಿಧಾನಿಸಿ ದಾಟಿತು. ಈಗ ಮೂರನೆಯ ಸ್ಥಾನದಲ್ಲಿದ್ದಳು. ಜನ ಕೂಗತೊಡಗಿದರು. ನಾನು ಕೂಗುವ ಬದಲು ಅನುಮಾನದಿಂದ ಮುಂದಿನ ಕಾರುಗಳನ್ನೇ ನೋಡತೊಡಗಿದೆ. ಇವರು ಬೇಕೆಂದೇ ಬಿಟ್ಟುಕೊಡುತ್ತಿದ್ದಾರೆಯೇ? ಡಾಕ್ಟರು ಮುಂದೆ ಅಷ್ಟು ಮೆಲ್ಲಗೆ ಹೋಗುತ್ತಿರುವುದು ಜಾರುವ ಭಯಕ್ಕೋ, ಪಾಪದ ಭಯಕ್ಕೋ? ಇದೂ ಒಂದು ಬಗೆಯ ಶಾಲು ಹೊದಿಸುವುದೇ ಆಗಿದ್ದರೆ?

ಕೊನೆಯ ಸುತ್ತಿನಲ್ಲಿ ಅವ್ವ ಡಾಕ್ಟರನ್ನು ಬಲದಿಂದ ದಾಟಲು ನುಗ್ಗಿದಳು. ಜಾಗವಿರಲಿಲ್ಲ. ಡಾಕ್ಟರು ಒಂದು ಕೂದಲೆಳೆಯೂ ಸರಿಯಲಿಲ್ಲ. ಅವ್ವನ ಚಕ್ರ ದಿಂಡು ಹತ್ತಿ ಕಾರು ಮಗುಚಿ ಅಂಗಾತ ಬಿತ್ತು. ಮೊದಲು ತಿರುಗಿ ಬಿದ್ದಿದ್ದ ಎರಡೂ ಕಾರುಗಳು ಬಂದು, ಗಾಳಿಯಲ್ಲಿ ತಿರುಗುತ್ತಿದ್ದ ಅವಳ ಚಕ್ರಗಳ ಪಕ್ಕದಿಂದ ಎಳ್ಳಷ್ಟೂ ಕರುಣೆಯಿಲ್ಲದೆ ಹಾದುಹೋದವು. ಆಗ ನನಗೆ ಹಾಯೆನಿಸಿತು. ತಾಯಿಯ ಗಾಡಿ ಮಗುಚಿ ಬಿದ್ದದ್ದನ್ನು ಕಂಡು ಯಾವ ಮಗನಿಗೆ ಹಾಯೆನಿಸೀತು? ನನಗೆ ಅನಿಸಿತು, ಅಷ್ಟನ್ನು ದಾಖಲಿಸುತ್ತೇನೆ.

ಮಲ್ಲಿ ಓಡಿಹೋಗಿ ಕಾರು ನೆಟ್ಟಗೆ ಮಾಡಿದ. ಅವ್ವ ಐದನೆಯವಳಾಗಿ ಗೆರೆ ದಾಟಿದಳು. ಉಳಿದ ಒಂದು ಕಾರು ಹೊಗೆಯೆದ್ದು ಅರ್ಧದಲ್ಲೇ ನಿಂತಿತ್ತು.

ಬಹುಮಾನದ ಹೊತ್ತಿಗೆ ಸಾವ್ಕಾರ್ರು ಚೇತರಿಸಿಕೊಂಡಿದ್ದರು. ಮೂವರಿಗೆ ಕಪ್ಪು ಕೊಟ್ಟಾದ ಮೇಲೆ ಮೇಜಿನ ಕೆಳಗಿಂದ ಇನ್ನೊಂದು ಕಪ್ಪು, ಎಲ್ಲಕ್ಕಿಂತ ದೊಡ್ಡದು, ಹೊರಬಂತು. ಯಾವ ಮಾಯದಲ್ಲಿ ತರಿಸಿದ್ದರೋ. "ಈಗ ನಮ್ಮ ಅಮ್ಮಾರಿಗೆ ವಿಶೇಷ ಬಹುಮಾನ!"

ಅವ್ವ ಮೈಕಿನ ಹತ್ತಿರ ಹೋದಳು. "ನಾ ಎಷ್ಟನೇದಾಕ್ರೀ?"

"ನೀವು ನಮ್ಮ ಪಾಲಿಗೆ ಮೊದಲನೇರು ಅಮ್ಮಾ."

"ಗೆರಿ ದಾಟಿದ್ದು ಎಷ್ಟನೇದಾಕಿ?"

"ಐದನೇರು... ಅನ್ರಿ."

"ಐದನೇದಕ್ಕ ಏನ ಕೊಡ್ತೀರಿ?"

ಸಾವ್ಕಾರ್ರು ಮಲ್ಲಿಯನ್ನು ನೋಡಿದರು. "ಐದನೇದಕ್ಕ ಏನೂ ಇಲ್ರಮ್ಮ."

"ಹಂಗಾರ ಏನೂ ಕೊಡಬ್ಯಾಡ್ರಿ" ಎಂದು ಅವ್ವ ಕೈಮುಗಿದು ಇಳಿದು ಬಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ಯಾರಿಗೂ ತಿಳಿದಂತಿರಲಿಲ್ಲ. ಡಾಕ್ಟರು ಮಾತ್ರ ಬಂದು, "ಬಲಕ್ಕ ಜಾಗ ಇರಲಿಲ್ಲಜ್ಜೀ, ಎಡಕ್ಕ ಬರಬೇಕಿತ್ತು" ಎಂದರು. ಅವ್ವ "ಹೌದ್ರಿ, ತಪ್ಪಿದೆ" ಎಂದಳು. ಇಬ್ಬರೂ ಆ ತಿರುವಿನ ಹತ್ತಿರ ಹೋಗಿ, ನೆಲ ತೋರಿಸಿ ಬಹಳ ಹೊತ್ತು ಮಾತಾಡಿದರು. ನಾನು ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದೆ.

ಹಿಂದಿರುಗುವಾಗ ಅವ್ವ, ಕಮಲಾಪುರದ ಹತ್ತಿರ ಕಬ್ಬಿನ ಗದ್ದೆಗಳು ಮುಗಿದು ಬಾಳೆತೋಟ ಶುರುವಾದಾಗ, "ಎಡಕ್ಕ ಜಾಗ ಇತ್ತು. ಕಂಡಿತ್ತು. ಕಂಡೂ ಬಲಕ್ಕ ಹೋದೆ" ಎಂದಳು. ಆ ದನಿಯಲ್ಲಿ ದುಃಖವಿತ್ತೋ, ಹುರುಪಿತ್ತೋ, ಬೈಕಿನ ಗಾಳಿಯಲ್ಲಿ ನನಗೆ ಗೊತ್ತಾಗಲಿಲ್ಲ.

ಸಂಜೆ ಡೆಸ್ಕಿಗೆ ಕಂಪ್ಲಿಯ ವರದಿ ಬಂತು. ಕಳಿಸಿದವನು ನಮ್ಮ ಅಲ್ಲಿನ ವರದಿಗಾರ. 'ಹಿರಿಯ ಚೇತನಕ್ಕೆ ಸನ್ಮಾನ' ಎಂದು ಶೀರ್ಷಿಕೆ. ಶಾಲು ಹೊದಿಸುವ ಫೋಟೋ. ರೇಸಿನ ಫಲಿತಾಂಶ ಕೊನೆಯ ಸಾಲಿನಲ್ಲಿ. ನಾನು ಅದನ್ನು ಬಹಳ ಹೊತ್ತು ನೋಡಿದೆ. ಸನ್ಮಾನ ನಡೆದದ್ದು ನಿಜ, ಫೋಟೋ ನಿಜ, ಹೆಸರಿನ ಕಾಗುಣಿತ ಸರಿ. ಹಾಕಿದರೆ ನನ್ನ ತಾಯಿ ಎಂದು ಹಾಕಿದಂತೆ. ಬಿಟ್ಟರೆ ನನ್ನ ತಾಯಿ ಎಂದು ಬಿಟ್ಟಂತೆ. 'ಒಮ್ಮೆಯಾದರೂ ನನ್ನ ಹೆಸರಿನ ಮೇಲೆ' ಎಂದವಳು ಅವಳು. ಆ ಹೆಸರು ಇಲ್ಲಿ ದೊಡ್ಡ ಅಕ್ಷರದಲ್ಲಿದೆ, ಅವಳು ಮಾಡದ ಕೆಲಸಕ್ಕೆ.

ಫಲಿತಾಂಶವನ್ನು ಮೇಲಕ್ಕೆ ತಂದೆ. ಮೂರು ಹೆಸರು. ಸನ್ಮಾನ ತೆಗೆದೆ. ಫೋಟೋದ ಜಾಗಕ್ಕೆ ಮೂರನೆಯ ತಿರುವಿನಲ್ಲಿ ಕಾರುಗಳು ಜಾರುತ್ತಿರುವ ಚಿತ್ರ ಹಾಕಿದೆ. ವರದಿಗಾರ ಫೋನು ಮಾಡಿದ.

"ಸರ್, ಅಮ್ಮಾರ ಹೆಸರ ಹಾರಿಹೋತಲ್ರಿ!"

"ಮೊದಲ ಮೂರು ಹೆಸರು ಅಷ್ಟ ಅಲ್ಲೇನಪ ನಾವು ಹಾಕೂದು?"

"ಅದು ಸ್ಪರ್ಧಿಗಳಿಗೆ ಸರ್."

"ಅಕಿನೂ ಸ್ಪರ್ಧಿನ."

ನನಗೆ ಹುಷಾರಿಲ್ಲ ಎಂದು ಅವನಿಗೆ ಅನ್ನಿಸಿರಬೇಕು. ಮನೆಗೆ ಬಂದು ಹೇಳಿದಾಗ ಶೋಭಾ, "ಊರ ಮಂದಿ ಅವ್ವಂದಿರ ಫೋಟೋ ಹಾಕ್ತೀರಿ, ನಿಮ್ಮವ್ವಂದು ಕಿತ್ತಿರಿ. ಎಂಥ ಮನುಷ್ಯಾರಿ ನೀವು?" ಎಂದಳು. ನನಗೂ ಅದೇ ಪ್ರಶ್ನೆ ಇತ್ತು.

ಬೆಳಿಗ್ಗೆ ಅವ್ವ ಕಟ್ಟೆಯ ಮೇಲೆ ಪತ್ರಿಕೆ ಹರವಿಕೊಂಡು ಕುಳಿತಳು. ಜಿಲ್ಲಾ ಪುಟ ತೆಗೆದಳು. ನಾನು ಒಳಗಿನಿಂದ ನೋಡುತ್ತಿದ್ದೆ. ಸುದ್ದಿಯನ್ನು ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ, ಮೂರು ಹೆಸರನ್ನೂ ತುಟಿಯಲ್ಲೇ ಉಚ್ಚರಿಸಿ ಓದಿದಳು. ಕೊನೆಯ ಸಾಲಾದ ಮೇಲೆ ಬೆರಳು ಸ್ವಲ್ಪ ಕೆಳಗಿನ ಖಾಲಿ ಜಾಗದಲ್ಲಿ ನಿಂತಿತು.

"ಸುದ್ದಿ ಸರಿಯಾಗೈತಿ" ಎಂದಳು.

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅವ್ವ ಆ ಮಾತು ಹೇಳಿದ್ದು ಅದೇ ಮೊದಲು. ಆಮೇಲೆ ಆ ಪುಟವನ್ನೇ ನೆಲಕ್ಕೆ ಹಾಸಿ, ಅದರ ಮೇಲೆ ಕಾರು ಮಗುಚಿಟ್ಟು, ಮೋಟರು ಬಿಚ್ಚತೊಡಗಿದಳು.